ಹಾಯಿಸುವ ನೀರು, ಉಣಿಸುವ ನೀರು

ಗಿಡಕ್ಕೆ ನೀರು ಕೊಡುವ ಕ್ರಿಯೆಗೆ ಕನ್ನಡದಲ್ಲಿ ಹಲವು ಮಾತುಗಳಿವೆ. ನೀರು ಹಾಕುತ್ತೇವೆ, ಎರೆಯುತ್ತೇವೆ, ಚಿಮುಕಿಸುತ್ತೇವೆ, ಹಾಯಿಸುತ್ತೇವೆ, ಉಣಿಸುತ್ತೇವೆ. ಮೇಲುನೋಟಕ್ಕೆ ಇವೆಲ್ಲ ಒಂದೇ ಅರ್ಥದವು ಎನಿಸಿದರೂ ಒಕ್ಕಲುತನ ಬಲ್ಲವರು ಇವನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಆಡುವುದಿಲ್ಲ. ಕಾಲುವೆಯ ನೀರನ್ನು ಹೊಲಕ್ಕೆ ಹಾಯಿಸುವುದು. ಅಲ್ಲಿ ನೀರು ತನ್ನ ದಾರಿಯನ್ನು ತಾನೇ ಹಿಡಿದು ಹೋಗುತ್ತದೆ. ನಾವು ಬದುವಿನ ಮೇಲೆ ನಿಂತು ನೋಡುತ್ತೇವೆ. ಉಣಿಸುವುದು ಹಾಗಲ್ಲ. ಅದರಲ್ಲಿ ಉಣ್ಣುವವರ ಹಸಿವಿನ ಅರಿವಿದೆ, ತುತ್ತಿನ ಅಳತೆಯಿದೆ, ಒಂದು ತುತ್ತು ಇಳಿಯುವವರೆಗೆ ಕಾಯುವ ತಾಳ್ಮೆಯಿದೆ. ಮನೆಯಂಗಳದ ಕಟ್ಟೆದೋಟಕ್ಕೆ ಹನಿ ನೀರಾವರಿಯನ್ನು ಅಳವಡಿಸುವ ಬಗೆಯನ್ನು ಕುರಿತು ಈ ಹೊತ್ತು ನಾನು ಆಡಲಿರುವ ಮಾತುಗಳು ಒಂದು ಅರ್ಥದಲ್ಲಿ ಈ ಎರಡು ಕ್ರಿಯಾಪದಗಳ ನಡುವಣ ಅಂತರವನ್ನು ಕುರಿತವೇ ಆಗಿವೆ.

ಕಟ್ಟೆದೋಟವೆಂಬುದು ನಮಗೆ ಹೊಸದಲ್ಲ. ನೆಲದಿಂದ ಎತ್ತರಿಸಿ, ನಾಲ್ಕು ಮಗ್ಗುಲಿಗೂ ಗೋಡೆ ಕಟ್ಟಿ, ನಡುವೆ ಮಣ್ಣು ತುಂಬಿ ಗಿಡವೊಂದನ್ನು ಸಾಕುವ ತುಳಸಿಕಟ್ಟೆ ನಮ್ಮ ಮನೆಗಳ ಮುಂದೆ ತಲೆತಲಾಂತರದಿಂದ ನಿಂತಿದೆ. ಅದನ್ನೇ ಒಂದಿಷ್ಟು ಉದ್ದಕ್ಕೆ ಎಳೆದರೆ ಕಟ್ಟೆದೋಟವಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಇದಕ್ಕೆ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ. ಭೀಮಾ ತೀರದ ಸುಣ್ಣಕಲ್ಲಿನ ಪದರಗಳಿಂದ ಎಬ್ಬಿಸಿದ, ಶಹಾಬಾದಿನ ಹೆಸರು ಹೊತ್ತ ಫರಸಿಕಲ್ಲು ನಮ್ಮ ನೆಲಕ್ಕೂ ಕಟ್ಟೆಗೂ ಒದಗಿಬಂದ ಕಲ್ಲೇ. ಆರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಕಟ್ಟೆಯಲ್ಲಿ ಒಂದು ಸಂಸಾರಕ್ಕೆ ಬೇಕಾಗುವ ಪುಂಡಿಪಲ್ಯ, ಮೆಂತ್ಯ, ಕೊತ್ತಂಬರಿಯ ಜೊತೆಗೆ ಎರಡು ಬದನೆ, ನಾಲ್ಕು ಮೆಣಸಿನ ಗಿಡಗಳು ಸುಖವಾಗಿ ಬೆಳೆಯುತ್ತವೆ. ನನ್ನಂತೆ ಅರವತ್ತು ದಾಟಿದವರು ಮೊಣಕಾಲು ನೋಯಿಸಿಕೊಳ್ಳದೆ, ಕಟ್ಟೆಯ ಅಂಚಿನ ಮೇಲೆ ಕುಳಿತು ಕಳೆ ಕೀಳಬಹುದು. ಆದರೆ ಒಂದು ಎಚ್ಚರಿಕೆ. ಇಷ್ಟು ಗಾತ್ರದ ಕಟ್ಟೆಯ ಒದ್ದೆ ಮಣ್ಣು ಎಂಟು ಕ್ವಿಂಟಾಲಿನಷ್ಟು ತೂಗುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಇದನ್ನು ಎಂದಿಗೂ ಕಟ್ಟಬಾರದು. ಅದಕ್ಕೆ ಅಂಗಳವೇ ತಕ್ಕ ಜಾಗ.

ಕಟ್ಟೆಯ ಗಿಡಕ್ಕೆ ನೆಲದ ಗಿಡಕ್ಕಿಲ್ಲದ ಒಂದು ಕಷ್ಟವಿದೆ. ನೆಲದ ಮಣ್ಣಿಗೆ ಬಿಸಿಲು ತಾಕುವುದು ಮೇಲಿನಿಂದ ಮಾತ್ರ. ಕಟ್ಟೆಯ ಮಣ್ಣಿಗೆ ಪಕ್ಕದ ಕಲ್ಲುಗಳ ಮೂಲಕವೂ ಕಾವು ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ ನಲವತ್ತು ಡಿಗ್ರಿಯನ್ನು ದಾಟುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಒಣಗಿದ ಮಣ್ಣು ಕುಗ್ಗಿ ಗೋಡೆಯನ್ನು ಬಿಟ್ಟು ಒಳಸರಿಯುತ್ತದೆ. ಎರೆಮಣ್ಣನ್ನು ತುಂಬಿದ್ದರಂತೂ ಬೆರಳು ಹಿಡಿಯುವಷ್ಟು ಬಿರುಕು. ಆಗ ನಾವು ಕೊಡದ ನೀರನ್ನು ಒಮ್ಮೆಲೆ ಸುರಿದರೆ ಅದು ಬೇರಿನ ಕಡೆಗೆ ಹೋಗುವುದಿಲ್ಲ. ಬಿರುಕಿನೊಳಗೆ ಧುಮುಕಿ, ತಳದ ಕಿಂಡಿಯಿಂದ ಹೊರಬಂದು, ಅಂಗಳವನ್ನು ತೋಯಿಸುತ್ತದೆ. ಸುರಿದವರಿಗೆ ನೀರು ಕೊಟ್ಟೆವೆಂಬ ಸಮಾಧಾನ, ಗಿಡಕ್ಕೆ ಮಾತ್ರ ಉಪವಾಸ. ನಲ್ಲಿಯ ನೀರಿಗಾಗಿ ದಿನವಿಡೀ ಕಾದು, ಬಂದಾಗ ಕೊಡ ತುಂಬಿ ಹೊರುವ ಹೆಣ್ಣುಮಕ್ಕಳ ಸೊಂಟಕ್ಕೆ ಆ ಹರಿದುಹೋದ ನೀರಿನ ಬೆಲೆ ಗೊತ್ತು.

ನೀರನ್ನು ನಿಧಾನವಾಗಿ ಇಳಿಸಿದರೆ ಮಾತ್ರ ಮಣ್ಣು ಅದನ್ನು ಕುಡಿಯಬಲ್ಲದು. ಈ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು. ಬೇಸಿಗೆಯಲ್ಲಿ ಶಿವಲಿಂಗದ ಮೇಲೆ ಧಾರಾಪಾತ್ರೆಯನ್ನು ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಸಂಸ್ಕೃತದಲ್ಲಿ ಗಲಂತಿಕಾ ಎಂದು ಹೆಸರು. ತಳದಲ್ಲಿ ರಂಧ್ರವಿರುವ, ಲಿಂಗದ ಮೇಲೋ ತುಳಸಿಯ ಗಿಡದ ಮೇಲೋ ನೀರನ್ನು ಹನಿಹನಿಯಾಗಿ ಬೀಳಿಸುವ ಪುಟ್ಟ ಕೊಡ ಎಂದು ನಿಘಂಟು ಅದರ ಅರ್ಥವನ್ನು ವಿವರಿಸುತ್ತದೆ. ದೇವರಿಗೂ ಗಿಡಕ್ಕೂ ಒಂದೇ ಪಾತ್ರೆ, ಒಂದೇ ಹನಿ! ಚೀನಾ ದೇಶದಲ್ಲಿ ಸುಟ್ಟ ಮಣ್ಣಿನ ಗಡಿಗೆಗಳನ್ನು ನೆಲದಲ್ಲಿ ಹೂತು, ಅವುಗಳಿಂದ ಒಸರುವ ನೀರಿನಲ್ಲಿ ಬಳ್ಳಿಗಳನ್ನು ಬೆಳೆಸುವ ಕ್ರಮವನ್ನು ಕ್ರಿಸ್ತಪೂರ್ವ ಒಂದನೆಯ ಶತಮಾನದ ಫಾನ್ ಷೆಂಗ್‌ಜಿ ಎಂಬ ಕೃಷಿವಿದ್ವಾಂಸ ಬರೆದಿಟ್ಟಿದ್ದಾನೆ. ಇಂದಿನ ಹನಿ ನೀರಾವರಿಯ ಕಥೆ ೧೯೩೦ರ ದಶಕದ್ದು. ಅಂದಿನ ಪ್ಯಾಲೆಸ್ಟೈನಿನಲ್ಲಿ ಸಿಮ್ಹಾ ಬ್ಲಾಸ್ ಎಂಬ ನೀರಿನ ಎಂಜಿನಿಯರಿಗೆ, ಯಾರೂ ನೀರು ಹಾಕದಿದ್ದರೂ ಎತ್ತರವಾಗಿ ಬೆಳೆದ ಮರವೊಂದನ್ನು ರೈತನೊಬ್ಬ ತೋರಿಸಿದ. ಅಗೆದು ನೋಡಿದರೆ ಸೋರುವ ಕೊಳವೆಯೊಂದು ಅದರ ಬೇರಿಗೆ ತೊಟ್ಟು ತೊಟ್ಟಾಗಿ ನೀರುಣಿಸುತ್ತಿತ್ತು. ಆ ಸೋರಿಕೆಯ ಗುಟ್ಟು ಪ್ಲಾಸ್ಟಿಕ್ ಕೊಳವೆಗಳ ಕಾಲದಲ್ಲಿ ಉಪಕರಣವಾಗಿ ರೂಪುಗೊಂಡು, ೧೯೬೫ರಿಂದೀಚೆಗೆ ಇಸ್ರೇಲಿನಿಂದ ಜಗತ್ತಿಗೆಲ್ಲ ಹರಡಿತು.

ಇನ್ನು ನಮ್ಮ ಕಟ್ಟೆಗೆ ಬರೋಣ. ಮೊದಲನೆಯದು ಮಣ್ಣು. ಬರಿಯ ಎರೆಮಣ್ಣು ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುತ್ತದೆ, ಒಣಗಿದಾಗ ಬಿರಿಯುತ್ತದೆ. ಬರಿಯ ಉಸುಕು ನೀರನ್ನು ನಿಲ್ಲಗೊಡುವುದೇ ಇಲ್ಲ. ಮಸಾರಿ ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಈ ಮೂರನ್ನೂ ಸಮಸಮನಾಗಿ ಬೆರೆಸುವುದು ಉತ್ತಮ. ತಳದಲ್ಲಿ ನೀರು ಹೊರಹೋಗಲು ಕಿಂಡಿಗಳಿರಬೇಕು. ಅವುಗಳ ಮೇಲೆ ಒಂದು ಪದರ ಹರಳುಗಲ್ಲು.

ಎರಡನೆಯದು ನೀರಿನ ನೆಲೆ. ನಲ್ಲಿ ಯಾವಾಗ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲವಾದ್ದರಿಂದ ಒಂದು ಡ್ರಮ್ಮನ್ನು ಇಟ್ಟುಕೊಳ್ಳುವುದೇ ಲೇಸು. ಅದರ ತಳವು ಕಟ್ಟೆಯ ಮಣ್ಣಿಗಿಂತ ಐದು ಅಡಿಯಷ್ಟು ಮೇಲಿರಬೇಕು. ಅದನ್ನು ಮಾಳಿಗೆಯ ಮೆಟ್ಟಿಲ ಮೇಲೋ ಭದ್ರವಾದ ಕಲ್ಲಿನ ಪೀಠದ ಮೇಲೋ ಇರಿಸಬಹುದು. ಬೆಳಕು ಹೊಕ್ಕರೆ ಪಾಚಿ ಬೆಳೆಯುವುದರಿಂದ ಡ್ರಮ್ಮು ಕಪ್ಪಾಗಿದ್ದಷ್ಟೂ ಒಳ್ಳೆಯದು. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಬಟ್ಟೆ ಕಟ್ಟಲೇಬೇಕು. ತೋಟಿಯನ್ನು ಡ್ರಮ್ಮಿನ ತಳಕ್ಕೆ ಸರಿಯಾಗಿ ಕೂಡಿಸದೆ ಮೂರು ಬೆರಳು ಮೇಲೆ ಕೂಡಿಸಿದರೆ ಗಸಿ ತಳದಲ್ಲಿಯೇ ಉಳಿಯುತ್ತದೆ. ತೋಟಿಯ ಮುಂದೆ ನಯವಾದ ಜಾಳಿಗೆಯ ಫಿಲ್ಟರನ್ನು ಜೋಡಿಸಬೇಕು. ಅನೇಕರು ದುಡ್ಡು ಉಳಿಸಲು ಇದನ್ನು ಬಿಟ್ಟುಬಿಡುತ್ತಾರೆ. ಡ್ರಿಪ್ಪರಿನ ದಾರಿ ಎಷ್ಟು ಕಿರಿದೆಂದರೆ ಒಂದು ಉಸುಕಿನ ಕಣ ಸಾಕು, ಒಂದು ಗಿಡದ ಬಾಯಿಯನ್ನು ಕಟ್ಟಿಬಿಡಲು.

ಮೂರನೆಯದು ಕೊಳವೆ. ಹದಿನಾರು ಮಿಲಿಮೀಟರಿನ ಕಪ್ಪು ಕೊಳವೆ ನಮ್ಮ ಕಡೆಯ ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಸುರುಳಿ ಬಿಚ್ಚಿ ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ಅದು ಮೆತ್ತಗಾಗಿ, ಹೇಳಿದಂತೆ ಕೇಳುತ್ತದೆ. ಎರಡು ಅಡಿ ಅಗಲದ ಕಟ್ಟೆಯ ಮೇಲೆ ಒಂದು ಅಡಿ ಅಂತರದಲ್ಲಿ ಎರಡು ಸಾಲು, ಪ್ರತಿ ಸಾಲಿನಲ್ಲಿ ಅಡಿಗೊಂದರಂತೆ ಆರು ಡ್ರಿಪ್ಪರುಗಳು, ಒಟ್ಟು ಹನ್ನೆರಡು. ನಡುವೆ ಇಷ್ಟೇ ಅಂತರ ಏಕೆಂದರೆ ಹಗುರ ಮಣ್ಣಿನಲ್ಲಿ ಹನಿಯ ನೀರು ಮೂಲಂಗಿಯ ಹಾಗೆ ಕಿರಿದಾಗಿ ಆಳಕ್ಕಿಳಿಯುತ್ತದೆ; ಎರೆಮಣ್ಣಿನಲ್ಲಾದರೆ ಉಳ್ಳಾಗಡ್ಡಿಯ ಹಾಗೆ ಅಗಲಕ್ಕೆ ಹರಡುತ್ತದೆ. ಕಣ್ಣಿಗೆ ಕಾಣದ ಈ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಡ್ರಿಪ್ಪರಿನ ಜಾಗವನ್ನು ಗೊತ್ತುಮಾಡಬೇಕು. ಕೊಳವೆಗಳು ಮಟ್ಟವಾಗಿ ಮಲಗಿರಲಿ. ಡೊಂಕಾಗಿ ಎದ್ದಲ್ಲಿ ತಂತಿಯ ಕೊಂಡಿಯಿಂದ ಹಿಡಿಸಿರಿ. ಕೊನೆಯನ್ನು ಮಡಿಸಿ, ಎಂಟರ ಅಂಕಿಯಂತಿರುವ ಉಂಗುರದಲ್ಲಿ ಸಿಕ್ಕಿಸಿದರೆ ಅದೇ ಮುಚ್ಚಳ. ವಾರಕ್ಕೊಮ್ಮೆ ಅದನ್ನು ಬಿಚ್ಚಿ ಒಂದು ತಂಬಿಗೆಯಷ್ಟು ನೀರನ್ನು ಹೊರಕ್ಕೆ ಬಿಟ್ಟರೆ ಒಳಗಿನ ಗಸಿಯೆಲ್ಲ ತೊಳೆದುಹೋಗುತ್ತದೆ.

ಅಂಗಡಿಯಲ್ಲಿ ಡ್ರಿಪ್ಪರನ್ನು ಕೊಳ್ಳುವಾಗ ಗಂಟೆಗೆ ಎರಡು ಲೀಟರಿನದು, ನಾಲ್ಕು ಲೀಟರಿನದು, ಎಂಟು ಲೀಟರಿನದು ಎಂದು ಹೇಳುತ್ತಾರೆ. ಆ ಲೆಕ್ಕ ಹೊಲದ ಪಂಪಿನ ಒತ್ತಡಕ್ಕೆ ಸಂಬಂಧಿಸಿದ್ದು. ಎಂದರೆ ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿನ ಬಲಕ್ಕೆ ಸರಿಯಾದದ್ದು. ನಮ್ಮ ಡ್ರಮ್ಮಿನ ಎತ್ತರ ಒಂದೂವರೆ ಮೀಟರು ಮಾತ್ರ. ಇಷ್ಟು ಕಡಿಮೆ ಬಲದಲ್ಲಿ ನಾಲ್ಕು ಲೀಟರಿನ ಸಾಮಾನ್ಯ ಡ್ರಿಪ್ಪರು ಗಂಟೆಗೆ ಸುಮಾರು ಒಂದೂವರೆ ಲೀಟರು ಕೊಟ್ಟೀತು. ಒತ್ತಡವನ್ನು ತಾನೇ ಸರಿದೂಗಿಸಿಕೊಳ್ಳುವ ದುಬಾರಿ ಡ್ರಿಪ್ಪರುಗಳು ಡ್ರಮ್ಮಿನ ನೀರಿಗೆ ಒಗ್ಗುವುದೇ ಇಲ್ಲ. ಆದ್ದರಿಂದ ಅಂಕಿಯನ್ನು ನಂಬದೆ, ಒಂದು ಲೋಟವನ್ನು ಹಿಡಿದು ಅಳೆಯಿರಿ. ನಾಲ್ಕು ನಿಮಿಷಕ್ಕೆ ನೂರು ಮಿಲಿಲೀಟರ್ ತುಂಬಿದರೆ ಲೆಕ್ಕ ಸರಿಯಾಗಿದೆ. ಮೊದಲ ಡ್ರಿಪ್ಪರಿನಲ್ಲಿ ತುಂಬಿದಷ್ಟೇ ಕೊನೆಯದರಲ್ಲೂ ತುಂಬಬೇಕು. ತುಂಬದಿದ್ದರೆ ನಡುವೆ ಎಲ್ಲಿಯೋ ಕಸ ಸಿಕ್ಕಿದೆ ಅಥವಾ ಕೊಳವೆ ಮಡಿಸಿಕೊಂಡಿದೆ.

ಗಿಡಕ್ಕೆ ಬೇಕಾದದ್ದು ಎಷ್ಟು? ಇದಕ್ಕೊಂದು ಸರಳವಾದ ಗಣಿತವಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಕಟ್ಟೆಯ ಮೇಲ್ಮೈ ಹೆಚ್ಚುಕಡಿಮೆ ಒಂದು ಚದರ ಮೀಟರು. ಬೇಸಿಗೆಯ ದಿನದಲ್ಲಿ ಬಿಸಿಲು ಗಾಳಿಗಳು ಗಿಡ ಮತ್ತು ಮಣ್ಣುಗಳಿಂದ ಹೀರಿಕೊಳ್ಳುವುದು ಏಳೆಂಟು ಮಿಲಿಮೀಟರಿನಷ್ಟು. ಎಂದರೆ ದಿನಕ್ಕೆ ಏಳೆಂಟು ಲೀಟರು. ಒಂದು ಕೊಡದ ಅರ್ಧಕ್ಕಿಂತ ತುಸು ಹೆಚ್ಚು. ಹನ್ನೆರಡು ಡ್ರಿಪ್ಪರುಗಳು ಕೂಡಿ ಗಂಟೆಗೆ ಹದಿನೆಂಟು ಲೀಟರು ಕೊಡುವುದಾದರೆ ತೋಟಿಯನ್ನು ಇಪ್ಪತ್ತನಾಲ್ಕು ನಿಮಿಷ ತೆರೆದಿಟ್ಟರೆ ಸಾಕು. ಇಪ್ಪತ್ತನಾಲ್ಕು ನಿಮಿಷವೆಂದರೆ ನಮ್ಮ ಹಳೆಯ ಲೆಕ್ಕದ ಒಂದು ಗಳಿಗೆ! ತಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಗಳಿಗೆಯೆಂದು ಎಣಿಸಿದ ಜನ ನಾವು. ಸಣ್ಣ ರಂಧ್ರದಿಂದ ನೀರು ಹಾಯುವುದನ್ನು ನೋಡಿ ಹೊತ್ತನ್ನು ಅಳೆದರು ಅವರು. ಹೊತ್ತನ್ನು ನೋಡಿ ನೀರನ್ನು ಅಳೆಯುತ್ತೇವೆ ನಾವು. ಕಡುಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಗಳಿಗೆ, ಇಳಿಹೊತ್ತಿನಲ್ಲಿ ಅರ್ಧ ಗಳಿಗೆ; ಚಳಿಗಾಲದಲ್ಲಿ ಅರ್ಧವೇ ಸಾಕು; ಮಳೆ ಬಂದ ದಿನ ತೋಟಿಯನ್ನು ಮುಟ್ಟಬೇಕಾಗಿಲ್ಲ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಜೋಳದ ರವದಿಯನ್ನು ಹೊದಿಸಿದರೆ ಹನಿ ಆವಿಯಾಗದೆ ಒಳಗೆ ಉಳಿಯುತ್ತದೆ.

ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ನಮ್ಮ ಮನೆಯ ಕಟ್ಟೆಯನ್ನು ನೋಡಿ ನಕ್ಕರು. "ಏನ್ರಿ ಸರ, ಕೂಸಿಗಿ ಹಾಲು ಹಾಕ್ದಂಗ ಹನಿ ಹನಿ ಹಾಕ್ಲಿಕತ್ತೀರಲ್ರಿ, ಇಷ್ಟ ನೀರಿಗಿ ಗಿಡ ಉಳೀತದೇನ್ರಿ?" ಎಂದು ಕೇಳಿದರು. ಮೇಲಿನ ಮಣ್ಣು ಒಣಗಿ ಬೆಳ್ಳಗೆ ಕಾಣುತ್ತಿತ್ತು. ಅವರ ಸಂಶಯ ನ್ಯಾಯವಾದದ್ದೇ. ರವದಿ ಸರಿಸಿ ಬೆರಳು ಇಳಿಸಿ ನೋಡಿರೆಂದೆ. ಅವರು ಬೆರಳನ್ನು ಪೂರ್ತಿ ಇಳಿಸಿ, ಹೊರತೆಗೆದು, ಅಂಟಿದ ಮಣ್ಣನ್ನು ಮೂಸಿ, "ಒಳಗ ಹಸಿ ಅದರಿ" ಎಂದರು. ಹತ್ತು ಪುಸ್ತಕಗಳು ಹೇಳದ ಪರೀಕ್ಷೆ ಅದು. ಮಣ್ಣಿನ ಮೋರೆಯನ್ನು ನೋಡಿ ನೀರು ಕೊಡಬಾರದು, ಹೊಟ್ಟೆಯನ್ನು ಮುಟ್ಟಿ ನೋಡಿ ಕೊಡಬೇಕು.

ಇಲ್ಲಿಗೆ ನಿಲ್ಲಿಸಿದರೆ ಹನಿ ನೀರಾವರಿಯೆಂದರೆ ನೀರಿನ ಜಿಪುಣತನ ಎಂಬ ತಪ್ಪು ಕಲ್ಪನೆ ಉಳಿದೀತು. ನಮ್ಮ ಬೋರಿನ ನೀರು ಬಹುಮಟ್ಟಿಗೆ ಗಡಸು. ಅದರ ಸುಣ್ಣ ಡ್ರಿಪ್ಪರಿನ ಬಾಯಿಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಡ್ರಿಪ್ಪರುಗಳನ್ನು ಬಿಚ್ಚಿ ಒಂದು ರಾತ್ರಿ ನಿಂಬೆರಸ ಹಿಂಡಿದ ನೀರಿನಲ್ಲಿ ನೆನೆಹಾಕಿದರೆ ಕರಗುತ್ತದೆ. ಆದರೆ ನೀರಿನಲ್ಲಿ ಕರಗಿದ ಉಪ್ಪು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗಿಡ ನೀರನ್ನು ಕುಡಿದು ಉಪ್ಪನ್ನು ಬಿಡುತ್ತದೆ. ಆ ಉಪ್ಪು ಒದ್ದೆಯ ಅಂಚಿಗೆ ಸರಿದು, ಅಲ್ಲಿ ಬಿಳಿಯ ಬಳೆಯಂತೆ ಕೂಡುತ್ತದೆ. ತಿಂಗಳಿಗೊಮ್ಮೆ, ಡ್ರಮ್ಮಿನಲ್ಲಿ ನೀರು ಸಮೃದ್ಧವಾಗಿರುವ ದಿನ ನೋಡಿ, ಮೂರು ನಾಲ್ಕು ಪಟ್ಟು ಹೊತ್ತು ಹನಿಯನ್ನು ಬಿಟ್ಟು, ತಳದ ಕಿಂಡಿಯಿಂದ ನೀರು ಹೊರಬರುವವರೆಗೆ ಆ ಉಪ್ಪನ್ನು ತೊಳೆಯಬೇಕು. ಅತಿಯಾದರೂ ಕೇಡು, ಕೊರೆಯಾದರೂ ಕೇಡು. ಮಿತವೆಂದರೆ ಕಡಿಮೆಯೆಂದಲ್ಲ, ತಕ್ಕಷ್ಟು ಎಂದು.

ಈ ಮಾತು ಕಟ್ಟೆಯಷ್ಟಕ್ಕೇ ನಿಲ್ಲುವುದಿಲ್ಲ. ೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಅಂದು ಸುರಪುರ ತಾಲೂಕಿಗೆ ಸೇರಿದ್ದು ಇಂದು ಹುಣಸಗಿ ತಾಲೂಕಿನಲ್ಲಿರುವ ನಾರಾಯಣಪುರದ ಬಳಿ ೧೯೮೨ರ ಹೊತ್ತಿಗೆ ಅಣೆಕಟ್ಟು ಎದ್ದು ನಿಂತಿತು. ಅದರ ಎಡದಂಡೆಯ ಕಾಲುವೆ ಸುರಪುರ, ಶಹಾಪುರಗಳ ಬರಡು ಸೀಮೆಗೆ ನೀರು ತಂದಿತು. ಆಕಾಶವನ್ನು ನೋಡುತ್ತ ಕುಳಿತಿದ್ದ ಜನಕ್ಕೆ ಅದೊಂದು ಮರುಹುಟ್ಟು. ಅದರ ಉಪಕಾರವನ್ನು ಮರೆತು ಮಾತಾಡುವುದು ಸಲ್ಲದು. ಆದರೆ ಆ ಯೋಜನೆಯನ್ನು ಹೂಡಿದ್ದು ಜೋಳ, ಶೇಂಗಾ, ಹತ್ತಿಗಳಂತಹ ಹಗುರ ನೀರಿನ ಬೆಳೆಗಳಿಗಾಗಿ. ಕಾಲುವೆಯ ಬಾಯಿಗೆ ಹತ್ತಿರವಿದ್ದವರು ನೀರು ಕಂಡೊಡನೆ ಭತ್ತಕ್ಕೆ ತಿರುಗಿದರು. ಎರೆಯ ಹೊಲದಲ್ಲಿ ವರ್ಷವಿಡೀ ನೀರು ನಿಂತಿತು. ನೆಲದಡಿಯ ನೀರು ಮೇಲೇರಿ, ತನ್ನೊಡನೆ ಉಪ್ಪನ್ನೂ ಎತ್ತಿ ತಂದಿತು. ಎಷ್ಟೋ ಒಳ್ಳೆಯ ಹೊಲಗಳು ಸವುಳಾದವು. ಅತ್ತ ಕಾಲುವೆಯ ಕೊನೆಯಂಚಿನ ರೈತ, ಕಾಲುವೆ ಇದ್ದೂ ನೀರಿಲ್ಲದೆ ಕಾಯುತ್ತಾನೆ. ಒಬ್ಬನ ಹೊಲ ನೀರು ಹೆಚ್ಚಾಗಿ ಕೆಟ್ಟಿತು. ಇನ್ನೊಬ್ಬನದು ನೀರು ಬಾರದೆ ಒಣಗಿತು. ನಮ್ಮ ಕಟ್ಟೆಯ ಬಿರುಕಿನಲ್ಲಿ ಧುಮುಕಿ ಹೋದ ಕೊಡದ ನೀರಿನ ಕಥೆಯೇ ಇಲ್ಲಿ ನೂರು ಮೈಲಿಯ ಅಳತೆಯಲ್ಲಿ ನಡೆದಿದೆ.

ಸುರಪುರದ ಹತ್ತಿರ ಬೋನಾಳದ ಕೆರೆಯಿದೆ. ನಾಯಕ ಅರಸರ ಕಾಲದ ಆ ಕೆರೆಯನ್ನು, ೧೮೪೦ರ ದಶಕದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಫಿಲಿಪ್ ಮೆಡೋಸ್ ಟೇಲರ್ ಸುಧಾರಿಸಿದನು. ಇಂದು ಅದು ಪಕ್ಷಿಧಾಮ. ಏರಿಯ ಮೇಲೆ ನಿಂತವರೆಲ್ಲ ನೀರಿನ ಹರವನ್ನು ನೋಡಿ ಬೆರಗಾಗುತ್ತಾರೆ. ಆದರೆ ಯಾವ ಕೆರೆಯ ಜಾಣತನವೂ ಹರವಿನಲ್ಲಿಲ್ಲ, ತೂಬಿನಲ್ಲಿದೆ. ಎಷ್ಟು ನೀರನ್ನು ಹಿಡಿದಿಟ್ಟೆವೆಂಬುದು ಅರಸರ ಕೀರ್ತಿ. ಎಷ್ಟನ್ನು, ಯಾರಿಗೆ, ಯಾವಾಗ ಬಿಟ್ಟೆವೆಂಬುದು ಒಕ್ಕಲಿಗರ ಬದುಕು. ನಾರಾಯಣಪುರದ ಹಿನ್ನೀರಿನಿಂದಲೇ ನೀರೆತ್ತಿ, ನೆರೆಯ ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ ಸುಮಾರು ೨೪,೦೦೦ ಹೆಕ್ಟೇರಿಗೆ ಹನಿ ನೀರಾವರಿಯನ್ನು ಒದಗಿಸುವ ರಾಮಥಾಳದ ಯೋಜನೆಯನ್ನು ನಮ್ಮ ಕಾಲದಲ್ಲಿ ಕೈಗೊಂಡದ್ದು ಈ ತೂಬಿನ ಜಾಣತನವನ್ನು ಪ್ರತಿ ಗಿಡದ ಬುಡಕ್ಕೆ ಒಯ್ಯುವ ಹಂಬಲದಿಂದಲೇ. ಆದರೆ ಕೊಳವೆಯನ್ನು ಹೂತ ಮಾತ್ರಕ್ಕೆ ಕೆಲಸ ಮುಗಿಯದು. ಜಾಳಿಗೆಯನ್ನು ತೊಳೆಯುವ, ಕೊನೆಯನ್ನು ಬಿಚ್ಚಿ ಗಸಿ ತೆಗೆಯುವ, ಲೋಟ ಹಿಡಿದು ಅಳೆಯುವ ಕೈಗಳು ಇಲ್ಲದಿದ್ದರೆ ಎಂತಹ ಯೋಜನೆಯೂ ಇಲಿ ಕಡಿದ ಕೊಳವೆಯಾಗುತ್ತದೆ. ಆ ಕೈಗಳು ಸರಕಾರದ ಆಜ್ಞೆಯಿಂದ ಹುಟ್ಟುವಂಥವಲ್ಲ. ಅವು ಮನೆಯಂಗಳದಲ್ಲಿ ಪಳಗಬೇಕು.

ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಅದು ಕೂಡಿಡುವವರ ಗಾದೆ. ನೀರು ಕಾಣದಿದ್ದ ಕಾಲಕ್ಕೆ ತಕ್ಕ ಮಾತು. ಈಗ ನಮ್ಮ ಜಿಲ್ಲೆಯ ಒಂದು ಮಗ್ಗುಲಲ್ಲಿ ಭೀಮೆ, ಇನ್ನೊಂದು ಮಗ್ಗುಲಲ್ಲಿ ಕೃಷ್ಣೆ, ನಡುವೆ ಕಾಲುವೆ. ಕೂಡಿಸುವ ವಿದ್ಯೆಯನ್ನು ಕಲಿತಾಯಿತು; ಕೂಡಿದ ಹಳ್ಳವನ್ನು ಮತ್ತೆ ಹನಿಯಾಗಿ ಹಂಚುವ ವಿದ್ಯೆಯನ್ನು ಕಲಿಯಬೇಕಾಗಿದೆ. ಹನ್ನೆರಡು ಡ್ರಿಪ್ಪರಿನ ಒಂದು ಕಟ್ಟೆಯಿಂದ ಕೃಷ್ಣೆಯ ನೀರೇನೂ ಉಳಿದುಬಿಡುವುದಿಲ್ಲ, ನಿಜ. ಆದರೆ ಒಂದು ಗಳಿಗೆಯ ನೀರಿನಲ್ಲಿ ಹನ್ನೆರಡು ಬುಡಗಳು ತಣಿಯುವುದನ್ನು ಕಂಡ ಮಗು, ನಾಳೆ ಹೊಲದ ಒಡೆಯನಾಗಿ ಕಾಲುವೆಯ ಬಾಯಿಯಲ್ಲಿ ನಿಂತಾಗ, ಕೊನೆಯಂಚಿನಲ್ಲಿ ಕಾಯುತ್ತಿರುವವನ ನೆನಪಾಗಿ ತೂಬಿನ ಹಲಗೆಯನ್ನು ಒಂದು ಗೇಣು ಇಳಿಸಿದರೆ, ಅಷ್ಟರ ಮಟ್ಟಿಗೆ ನಮ್ಮ ನಾಡು ನೀರನ್ನು ಹಾಯಿಸುವುದನ್ನು ಬಿಟ್ಟು ಉಣಿಸುವುದನ್ನು ಕಲಿತಂತಾಗುತ್ತದೆ.